ಚಾಲಕನಿಲ್ಲದ ಗಣಿ ಲಾರಿ: ತಿರುಗಬೇಕು, ಮಗುಚಬಾರದು

ಕಬ್ಬು ತುಂಬಿದ ಟ್ರೇಲರ್ ತಿರುವಿನಲ್ಲಿ ವಾಲುವುದನ್ನು ಜತ್, ಅಕ್ಕಲಕೋಟೆ, ಸೊಲ್ಲಾಪುರ ಕಡೆಯ ರಸ್ತೆಗಳಲ್ಲಿ ನೋಡದವರಿಲ್ಲ. ಹೊರೆ ಮೇಲಕ್ಕೆ ಏರಿದಷ್ಟೂ ಮಗುಚುವ ಭಯ ಹೆಚ್ಚು. ಸ್ಟಿಯರಿಂಗ್ ಹಿಂದೆ ಯಾರೂ ಇಲ್ಲದೆ, ಸುಮಾರು 290 ಟನ್ ಅದಿರು ಹೊತ್ತು ಓಡುವ ಲಾರಿಗೂ ಈ ಭಯ ತಪ್ಪಿದ್ದಲ್ಲ.

ಇಂತಹ ಲಾರಿಗಳು ಈಗ ಹೊಸತೇನಲ್ಲ. ಚಿಲಿ ದೇಶದ ಗ್ಯಾಬ್ರಿಯೆಲಾ ಮಿಸ್ಟ್ರಾಲ್ ತಾಮ್ರದ ಗಣಿಯಲ್ಲಿ ಜಪಾನಿನ ಕೊಮಾಟ್ಸು ಕಂಪನಿಯ ಚಾಲಕರಹಿತ ಲಾರಿಗಳು 2008ರಲ್ಲೇ ಕೆಲಸಕ್ಕಿಳಿದವು. ಅದೇ ವರ್ಷದ ಕೊನೆಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಕಬ್ಬಿಣದ ಅದಿರಿನ ಸೀಮೆಯಲ್ಲಿ ರಿಯೊ ಟಿಂಟೊ ಕಂಪನಿ ಪ್ರಯೋಗ ಆರಂಭಿಸಿತು. ಅಲ್ಲಿನ ಲಾರಿಗಳ ಮೇಲೆ ಸುಮಾರು 1500 ಕಿ.ಮೀ. ದೂರದ ಪರ್ತ್ ನಗರದಿಂದ ನಿಗಾ ಇಡಲಾಗುತ್ತದೆ. ಜಿಪಿಎಸ್ ದಾರಿ ತೋರಿಸಿದರೆ, ರೇಡಾರ್ ಅಡ್ಡ ಬಂದದ್ದನ್ನು ಗುರುತಿಸುತ್ತದೆ.

ತೊಡಕು ಇರುವುದು ತೂಕದಲ್ಲಿ. ಕೊಮಾಟ್ಸು 930ಇ ಲಾರಿ ತುಂಬಿದಾಗ ಒಟ್ಟು ಸುಮಾರು 500 ಟನ್ ತೂಗುತ್ತದೆ. 30 ಮೀಟರ್ ತ್ರಿಜ್ಯದ ತಿರುವನ್ನು ಅದು ಗಂಟೆಗೆ 36 ಕಿ.ಮೀ. ವೇಗದಲ್ಲಿ ಹಾಯ್ದರೆ ಹೊರಮಗ್ಗುಲಿಗೆ ತಳ್ಳುವ ಬಲ ಸುಮಾರು 170 ಟನ್. ನೀರು ಚಿಮುಕಿಸಿದ ಮಣ್ಣಿನ ರಸ್ತೆ ಅಷ್ಟು ಹಿಡಿತ ಕೊಡುವುದೇ ಅನುಮಾನ. ವೇಗವನ್ನು 18ಕ್ಕೆ ಇಳಿಸಿದರೆ ಆ ಬಲ ನಾಲ್ಕನೇ ಒಂದು ಪಾಲಿಗೆ, ಅಂದರೆ 42 ಟನ್ನಿನಷ್ಟಕ್ಕೆ ಇಳಿಯುತ್ತದೆ. ಚಿಕ್ಕ ಜಾಗದಲ್ಲಿ ತಿರುಗಬೇಕಾದರೆ ನಿಧಾನವಾಗಿಯೇ ಹೋಗಬೇಕು. ಬೇರೆ ಉಪಾಯವಿಲ್ಲ.

ಇನ್ನೊಂದು ತೊಂದರೆಯೆಂದರೆ ಲಾರಿ ಬರಿದಾಗಿದ್ದಾಗ ಒಂದು ಸ್ವಭಾವ, ತುಂಬಿದಾಗ ಇನ್ನೊಂದು. ಬರಿದಾದಾಗ ಮುಂದಿನ, ಹಿಂದಿನ ಚಕ್ರಗಳ ಮೇಲೆ ಹೆಚ್ಚುಕಡಿಮೆ ಸಮ ಭಾರ. ತುಂಬಿದಾಗ ಮೂರರಲ್ಲಿ ಎರಡು ಪಾಲು ಹಿಂದಿನ ಜೋಡಿ ಚಕ್ರಗಳ ಮೇಲೆ ಬೀಳುತ್ತದೆ. ಮೈಸೂರಿನಲ್ಲಿ ಬಿಇಎಂಎಲ್ ತಯಾರಿಸುವ ಗಣಿ ಡಂಪರ್‌ಗಳದೂ ಇದೇ ಕಟ್ಟು. ಹೊರೆ ಎತ್ತ ವಾಲಿದೆ, ಚಕ್ರ ಎಲ್ಲಿ ಜಾರುತ್ತಿದೆ ಎಂಬುದು ಅನುಭವಿ ಚಾಲಕನಿಗೆ ಕುಳಿತ ಸೀಟಿನಿಂದಲೇ ತಿಳಿಯುತ್ತದೆ. ಕಂಪ್ಯೂಟರಿಗೆ ಸೀಟಿಲ್ಲ, ಚಕ್ರಗಳು ಸುತ್ತುವ ವೇಗವನ್ನು ಹೋಲಿಸಿ ಜಾರಿಕೆಯನ್ನು ಲೆಕ್ಕ ಹಾಕಿ ತಿಳಿಯಬೇಕು.

ಎದುರಿಗೆ ಏನಾದರೂ ಬಂದಾಗ ಕಾರಿನಂತೆ ಪಕ್ಕಕ್ಕೆ ಹೊರಳಿಸುವುದು ಇಷ್ಟು ಭಾರದ ವಾಹನಕ್ಕೆ ಅಪಾಯ. ತನ್ನ ಸಾಲು ಬಿಡದೆ ಬ್ರೇಕ್ ಹಾಕಿ ನಿಲ್ಲುವುದೇ ಅದಕ್ಕೆ ಕಲಿಸಿದ ಪಾಠ. ಹಾಗಾಗಿ ಸುತ್ತಲಿನವರು ಎಚ್ಚರ ತಪ್ಪಿದರೆ ಯಂತ್ರವೊಂದೇ ಕಾಪಾಡಲಾರದು. 2014ರಲ್ಲಿ ಪಿಲ್ಬರಾದ ಜಿಂಬಲ್‌ಬಾರ್ ಗಣಿಯಲ್ಲಿ ಮನುಷ್ಯ ಓಡಿಸುತ್ತಿದ್ದ ನೀರಿನ ಟ್ಯಾಂಕರ್ ಚಾಲಕರಹಿತ ಲಾರಿಯ ದಾರಿಗೆ ತಿರುಗಿ ಡಿಕ್ಕಿಯಾಯಿತು.

ಅತಿ ಕರಾರುವಾಕ್ಕಾಗಿ ಓಡುವುದರಿಂದಲೂ ತೊಂದರೆ ಬಂದದ್ದು ಸ್ವಾರಸ್ಯದ ಸಂಗತಿ. ಮನುಷ್ಯ ಓಡಿಸಿದರೆ ಒಮ್ಮೆ ಈಚೆ, ಒಮ್ಮೆ ಆಚೆ ಹೋಗುತ್ತಾನೆ. ಯಂತ್ರ ಪ್ರತಿ ಸಲವೂ ಅದೇ ಗೆರೆಯ ಮೇಲೆ ಹೋಗುತ್ತದೆ. ಎತ್ತಿನ ಗಾಡಿಯ ಜಾಡಿನಂತೆ ರಸ್ತೆಯಲ್ಲಿ ಕೊರಕಲು ಬೀಳುತ್ತದೆ. ಚಕ್ರ ಅದರಲ್ಲಿ ಸಿಕ್ಕಿದರೆ ತಿರುಗುವುದೂ ಕಷ್ಟ, ಸ್ಥಿರತೆಗೂ ಕೇಡು. ಆದ್ದರಿಂದ ಒಂದೊಂದು ಸಲ ಸ್ವಲ್ಪ ಪಕ್ಕಕ್ಕೆ ಸರಿದು ಓಡುವಂತೆ ಲಾರಿಗಳಿಗೆ ಬೇಕೆಂದೇ ಆದೇಶ ಕೊಡಬೇಕಾಯಿತು.

ಈ ಎಲ್ಲ ಜಗಳವನ್ನು ಒಂದೇ ಏಟಿಗೆ ಬಗೆಹರಿಸಲು ಹೊರಟದ್ದು ಕೊಮಾಟ್ಸು 2016ರಲ್ಲಿ ಅಮೆರಿಕದ ಲಾಸ್ ವೇಗಸ್ ಗಣಿ ಪ್ರದರ್ಶನದಲ್ಲಿ ತೋರಿಸಿದ ಲಾರಿ. ಅದಕ್ಕೆ ಕ್ಯಾಬಿನ್ನೇ ಇಲ್ಲ. 230 ಟನ್ ಹೊರುವ ಅದರ ನಾಲ್ಕೂ ಚಕ್ರಗಳು ಎಳೆಯುತ್ತವೆ, ನಾಲ್ಕೂ ತಿರುಗುತ್ತವೆ. ತುಂಬಿರಲಿ, ಬರಿದಾಗಿರಲಿ, ಭಾರ ನಾಲ್ಕಕ್ಕೂ ಸಮನಾಗಿ ಹಂಚಿಕೆಯಾಗುತ್ತದೆ. ಮುಂದೆ, ಹಿಂದೆ ಎಂಬ ಭೇದವಿಲ್ಲದೆ ಎರಡೂ ದಿಕ್ಕಿಗೆ ಓಡುವುದರಿಂದ ಅದಿರು ತುಂಬುವಲ್ಲಿ ಸುತ್ತು ಹೊಡೆದು ತಿರುಗಿಸುವ ಕೆಲಸವೇ ಇಲ್ಲ. ತಿರುವು ಕಷ್ಟವಾದರೆ ತಿರುವನ್ನೇ ತೆಗೆದುಬಿಡುವ ಈ ಯೋಚನೆ ಮೆಚ್ಚುವಂಥದ್ದೇ.

ಆದರೂ ಗಣಿಗಳಲ್ಲಿ ಓಡುತ್ತಿರುವ ಚಾಲಕರಹಿತ ಲಾರಿಗಳಲ್ಲಿ ಹೆಚ್ಚಿನವು ಕ್ಯಾಬಿನ್ ಇರುವ ಹಳೆಯ ಮಾದರಿಯವೇ. ರಿಪೇರಿ ಬಂದ ದಿನ ಏಣಿ ಹತ್ತಿ, ಸೀಟಿನಲ್ಲಿ ಕುಳಿತು, ವರ್ಕ್‌ಶಾಪಿಗೆ ಓಡಿಸಿಕೊಂಡು ಹೋಗಲು ಒಬ್ಬ ಮನುಷ್ಯ ಬೇಕಾಗುತ್ತಾನೆ.