ತಕ್ಕಡಿ, ಸಾಲಪತ್ರ ಮತ್ತು ಮನನ: ಕುರ್‌ಆನ್‌ನ ವ್ಯವಹಾರ ನೀತಿಯ ಒಂದು ಅಧ್ಯಯನ

ಕುರ್‌ಆನ್ ತನ್ನ ಓದುಗರಿಂದ ಪಾರಾಯಣದ ಜೊತೆಗೆ ಮನನವನ್ನೂ ಬಯಸುತ್ತದೆ. ಜನರು ಸೂಕ್ತಗಳ ಕುರಿತು ಆಳವಾಗಿ ಚಿಂತಿಸಲೆಂದೇ ಗ್ರಂಥವು ಅವತೀರ್ಣವಾಗಿದೆ ಎಂದು ಸೂರಃ ಸಾದ್ (38:29) ಹೇಳುತ್ತದೆ. ಚಿಂತಿಸದವರ ಹೃದಯಗಳಿಗೆ ಬೀಗ ಬಿದ್ದಿದೆಯೇ ಎಂದು ಸೂರಃ ಮುಹಮ್ಮದ್ (47:24) ಕೇಳುತ್ತದೆ. 'ತದಬ್ಬುರ್' ಎನ್ನಲಾಗುವ ಈ ಮನನವನ್ನು ಮೊದಲ ತಲೆಮಾರಿನವರು ಆಚರಣೆಯಿಂದ ಬೇರ್ಪಡಿಸಲಿಲ್ಲ. ಪ್ರವಾದಿಯವರ ಅನುಚರರು ಹತ್ತು ಸೂಕ್ತಗಳನ್ನು ಕಲಿತರೆ, ಅವುಗಳ ಅರ್ಥವನ್ನೂ ಆಚರಣೆಯನ್ನೂ ಮೈಗೂಡಿಸಿಕೊಳ್ಳದೆ ಮುಂದಕ್ಕೆ ಹೋಗುತ್ತಿರಲಿಲ್ಲ ಎಂದು ಅಬೂ ಅಬ್ದುರ್ರಹ್ಮಾನ್ ಅಸ್ಸುಲಮೀ ವರದಿ ಮಾಡಿದ್ದಾರೆ. ಇಮಾಮ್ ಗಝ್ಝಾಲಿ (1058–1111) 'ಇಹ್ಯಾ ಉಲೂಮಿದ್ದೀನ್' ಕೃತಿಯಲ್ಲಿ ಪಾರಾಯಣದ ಆಂತರಿಕ ಶಿಷ್ಟಾಚಾರಗಳನ್ನು ಎಣಿಸುವಾಗ, ಪ್ರತಿಯೊಂದು ಆಜ್ಞೆಯೂ ತನ್ನನ್ನೇ ಉದ್ದೇಶಿಸಿದ್ದೆಂದು ಓದುಗನು ಭಾವಿಸಬೇಕೆಂದು ವಿಧಿಸಿದರು. ಈ ಸೂತ್ರ ನಿತ್ಯಜೀವನದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದು ಅಳತೆ-ತೂಕ ಮತ್ತು ಸಾಲದ ಕುರಿತ ಸೂಕ್ತಗಳಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಅಳತೆ ಮತ್ತು ತೂಕ

ಸೂರಃ ಅರ್ರಹ್ಮಾನ್‌ನ 7ರಿಂದ 9ನೇ ಸೂಕ್ತಗಳು ಆಕಾಶವನ್ನು ಎತ್ತರಿಸಿ ತಕ್ಕಡಿಯನ್ನು ಸ್ಥಾಪಿಸಿದ ಸಂಗತಿಯನ್ನು ಹೇಳಿ, ಅದೇ ಉಸಿರಿನಲ್ಲಿ ತೂಕದಲ್ಲಿ ಮೋಸ ಮಾಡಬಾರದೆಂದು ಆಜ್ಞಾಪಿಸುತ್ತವೆ. ವಿಶ್ವದ ಸಮತೋಲನಕ್ಕೂ ಅಂಗಡಿಯ ತಕ್ಕಡಿಗೂ ಇಲ್ಲಿ ಒಂದೇ ನಿಯಮ. ಹಾಗಾಗಿ ಒಂದು ಹಿಡಿ ಧಾನ್ಯವನ್ನು ಕಡಿಮೆ ಅಳೆಯುವುದು ಸೃಷ್ಟಿಯ ನಿಯಮವನ್ನೇ ಮುರಿದಂತೆ.

83ನೇ ಅಧ್ಯಾಯವಾದ ಅಲ್ ಮುತಫ್ಫಿಫೀನ್ ಆರಂಭವಾಗುವುದೇ, ತಾವು ಪಡೆಯುವಾಗ ಪೂರ್ತಿ ಅಳೆದುಕೊಂಡು ಇತರರಿಗೆ ಕೊಡುವಾಗ ಕಡಿಮೆ ಮಾಡುವವರ ಖಂಡನೆಯಿಂದ. ಅದರ ಬೆನ್ನಿಗೇ, ತಾವು ಪುನಃ ಎಬ್ಬಿಸಲ್ಪಡುವೆವೆಂದು ಅವರು ಯೋಚಿಸುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ತೂಕದ ಪ್ರಾಮಾಣಿಕತೆ ಪರಲೋಕ ವಿಶ್ವಾಸದ ಪರೀಕ್ಷೆಯಾಗುವುದು ಇಲ್ಲಿ. ಪ್ರವಾದಿಯವರು ಮದೀನಕ್ಕೆ ಬಂದಾಗ ಅಲ್ಲಿನವರ ಅಳತೆ ತೀರಾ ಕೆಟ್ಟದಾಗಿತ್ತು, ಈ ಸೂಕ್ತಗಳ ನಂತರ ಸುಧಾರಿಸಿತು ಎಂಬ ಅನುಚರ ಇಬ್ನ್ ಅಬ್ಬಾಸ್‌ರ ವರದಿ ಇಬ್ನ್ ಮಾಜಃ ಹದೀಸ್ ಸಂಗ್ರಹದಲ್ಲಿದೆ.

ಮದ್‌ಯನ್ ಜನತೆಯ ಕಥೆ ಇದೇ ನಂಟನ್ನು ಇನ್ನೊಂದು ಬದಿಯಿಂದ ತೋರಿಸುತ್ತದೆ. ಪ್ರವಾದಿ ಶುಐಬ್ ಆ ಜನರಿಗೆ ಏಕದೇವಾರಾಧನೆಯನ್ನೂ ಸರಿಯಾದ ಅಳತೆಯನ್ನೂ ಒಟ್ಟಿಗೇ ಬೋಧಿಸಿದರು. ನಮ್ಮ ಸಂಪತ್ತನ್ನು ಇಷ್ಟಬಂದಂತೆ ಬಳಸಬಾರದೆಂದು ನಿನ್ನ ನಮಾಝ್ ಕಲಿಸುತ್ತದೆಯೇ ಎಂದು ಜನರು ಅವರನ್ನು ಹಂಗಿಸಿದರು (11:87). ಆರಾಧನೆ ಬೇರೆ, ಆದಾಯ ಬೇರೆ ಎಂಬ ಅವರ ವಾದವನ್ನು ಕುರ್‌ಆನ್ ತಿರಸ್ಕರಿಸುತ್ತದೆ.

ಮುಸ್ಲಿಮ್ ಸಮಾಜ ಈ ಬೋಧನೆಗೆ ಸಾಂಸ್ಥಿಕ ರೂಪವನ್ನೂ ಕೊಟ್ಟಿತು. ಮಾರುಕಟ್ಟೆಯ ಮಾಪಕಗಳನ್ನೂ ಸರಕಿನ ಗುಣಮಟ್ಟವನ್ನೂ ಪರಿಶೀಲಿಸುವ 'ಮುಹ್ತಸಿಬ್' ಎಂಬ ಅಧಿಕಾರಿಯ ಕರ್ತವ್ಯಗಳನ್ನು ಅಲ್ ಮಾವರ್ದಿ (ಮರಣ 1058) ತಮ್ಮ ರಾಜನೀತಿ ಗ್ರಂಥದಲ್ಲಿ ವಿವರಿಸಿದ್ದಾರೆ.

ಸಾಲದ ದಾಖಲೆ

ಕುರ್‌ಆನ್‌ನ ಅತಿ ದೀರ್ಘ ಸೂಕ್ತ ಸಾಲದ ಬರಹಕ್ಕೆ ಸಂಬಂಧಿಸಿದ್ದು (2:282). ನಿಶ್ಚಿತ ಅವಧಿಯ ಸಾಲವನ್ನು, ಸಣ್ಣದಿರಲಿ ದೊಡ್ಡದಿರಲಿ, ಬರೆದಿಡಬೇಕು. ಇಬ್ಬರು ಪುರುಷರು, ಇಲ್ಲವಾದರೆ ಒಬ್ಬ ಪುರುಷ ಮತ್ತು ಇಬ್ಬರು ಸ್ತ್ರೀಯರು ಸಾಕ್ಷಿಗಳಾಗಬೇಕು. ಬರಹಗಾರನಿಗಾಗಲಿ ಸಾಕ್ಷಿಗಾಗಲಿ ತೊಂದರೆಯಾಗಬಾರದು. ಕೈಯಿಂದ ಕೈಗೆ ನಡೆಯುವ ವ್ಯಾಪಾರಕ್ಕೆ ಬರಹದಿಂದ ವಿನಾಯಿತಿ ಇದೆ. ಪತ್ರದ ಮಾತುಗಳನ್ನು ಹೇಳಿ ಬರೆಸಬೇಕಾದವನು ಸಾಲಗಾರ. ಅವನು ಅಸಮರ್ಥನಾದರೆ ಅವನ ಪೋಷಕ. ಹೊಣೆ ಹೊರುವವನ ಬಾಯಿಂದಲೇ ಹೊಣೆಯ ಪ್ರಮಾಣ ಬರುವುದರಿಂದ, ಬಲಾಢ್ಯ ಸಾಲಿಗನು ಮೊತ್ತವನ್ನು ಹಿಗ್ಗಿಸುವ ದಾರಿ ಮುಚ್ಚುತ್ತದೆ.

ಈ ಬರಹ ಕಡ್ಡಾಯವೇ ಎಂಬುದರಲ್ಲಿ ಭಿನ್ನಮತವಿದೆ. ಪರಸ್ಪರ ನಂಬಿಕೆಯಿದ್ದರೆ ನಂಬಿಕೆ ಉಳಿಸಿಕೊಳ್ಳಿ ಎನ್ನುವ ಮುಂದಿನ ಸೂಕ್ತದ ಆಧಾರದಲ್ಲಿ ಬಹುಪಾಲು ಫಿಕ್‌ಹ್ (ಇಸ್ಲಾಮೀ ಧರ್ಮಶಾಸ್ತ್ರ) ವಿದ್ವಾಂಸರು ಅದನ್ನು ಅಪೇಕ್ಷಣೀಯ ಎಂದರೆ, ತಬರಿ ಮತ್ತು ಇಬ್ನ್ ಹಝ್ಮ್ ಕಡ್ಡಾಯ ಎಂದರು. ಬಂಧುಗಳ ನಡುವೆ ಲೆಕ್ಕ ಕೇಳುವುದು ಅವಿಶ್ವಾಸದ ಗುರುತೆಂಬ ಸಂಕೋಚ ಇಂದಿಗೂ ಅನೇಕ ಕುಟುಂಬಗಳಲ್ಲಿದೆ. ಸೂಕ್ತದ ದೃಷ್ಟಿ ಇದಕ್ಕೆ ವಿರುದ್ಧ: ಬರಹವು ಸಂದೇಹವನ್ನು ತಡೆದು ಸಂಬಂಧವನ್ನು ಕಾಯುತ್ತದೆ.

ದಾಖಲೆಯ ಕಟ್ಟುನಿಟ್ಟಿನ ಜೊತೆಗೇ ಕರುಣೆಯೂ ಇದೆ. ಸಾಲಗಾರ ಸಂಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಗಡುವು ಕೊಡಬೇಕು, ಮನ್ನಾ ಮಾಡುವುದು ಇನ್ನೂ ಉತ್ತಮ ಎಂಬ ಆದೇಶ ಬಡ್ಡಿ ನಿಷೇಧದ ಸೂಕ್ತಗಳ ಬೆನ್ನಲ್ಲೇ ಬರುತ್ತದೆ (2:280).

ಅರ್ಥವಿಸ್ತಾರ ಮತ್ತು ಮಿತಿ

ವ್ಯಾಖ್ಯಾನ ಪರಂಪರೆಯು ಅಳತೆಯ ನೀತಿಯನ್ನು ಧಾನ್ಯಕ್ಕೆ ಸೀಮಿತಗೊಳಿಸಲಿಲ್ಲ. ಪೂರ್ಣತೆಯೂ ಕೊರತೆಯೂ ಎಲ್ಲ ವಿಷಯಗಳಲ್ಲೂ ಇವೆ ಎಂಬ ಮಾತನ್ನು ಇಮಾಮ್ ಮಾಲಿಕ್ (ಮರಣ 795) 'ಮುವತ್ತಾ'ದಲ್ಲಿ ನಮಾಝ್‌ನ ಪ್ರಸಂಗದಲ್ಲೇ ದಾಖಲಿಸಿದ್ದಾರೆ. ಸೂಫಿ ವ್ಯಾಖ್ಯಾನಕಾರ ಖುಶೈರಿ (ಮರಣ 1072) ಇದನ್ನು ಹಕ್ಕುಬಾಧ್ಯತೆಗಳಿಗೂ ಪರರ ದೋಷ ಹುಡುಕಿ ತನ್ನದನ್ನು ಮರೆಮಾಚುವುದಕ್ಕೂ ಅನ್ವಯಿಸಿದರು. ಅದೇ ತರ್ಕದಲ್ಲಿ, ಪೂರ್ತಿ ಸಂಬಳ ಪಡೆದು ಕೆಲಸದ ಹೊತ್ತನ್ನು ಕದಿಯುವ ನೌಕರ, ದುಡಿಸಿಕೊಂಡು ಕೂಲಿ ಕಡಿತ ಮಾಡುವ ಮಾಲೀಕ, ಹೆಂಡತಿಯಿಂದ ಸೇವೆ ಬಯಸಿ ಮಹ್ರ್ (ವಧುಧನ) ಕೊಡದ ಗಂಡ, ಹಳೆಯ ವಾಹನದ ದೋಷ ಮುಚ್ಚಿಟ್ಟು ಮಾರುವವ ಎಲ್ಲರೂ ಅಲ್ ಮುತಫ್ಫಿಫೀನ್ ಸೂರಃದ ವ್ಯಾಪ್ತಿಯಲ್ಲಿದ್ದಾರೆ.

ಇಂಥ ಅನ್ವಯಕ್ಕೆ ಮಿತಿಯೂ ಉಂಟು. ಸೂಕ್ತದ ಬೆಳಕಿನಲ್ಲಿ ತನ್ನ ನಡತೆಯನ್ನು ಅಳೆದುಕೊಳ್ಳುವುದು ಪ್ರತಿಯೊಬ್ಬ ಓದುಗನ ಹೊಣೆ. ಆದರೆ ಅದರಿಂದ ಇತರರಿಗೆ ಕಾನೂನು ರೂಪಿಸಲು ಭಾಷೆ, ಅವತೀರ್ಣದ ಸಂದರ್ಭ, ಹದೀಸ್ ಮತ್ತು ಫಿಕ್‌ಹ್‌ನ ಪಾಂಡಿತ್ಯ ಬೇಕು. ಈ ಎರಡನ್ನೂ ಬೆರೆಸದಿದ್ದಾಗ ಮನನವು ಮೊದಲು ಓದುಗನ ಸ್ವಂತ ಲೆಕ್ಕವನ್ನು ತಿದ್ದುತ್ತದೆ. ಕುರ್‌ಆನ್‌ನ ವ್ಯವಹಾರ ನೀತಿ ಜಾರಿಗೆ ಬರುವುದು ಅಲ್ಲಿಂದಲೇ.