ವಿಶ್ವವಿದ್ಯಾಲಯ ನೇಮಕಾತಿ: ಹೊರಗಿನ ಹಿಡಿತದ ಪ್ರಶ್ನೆ (ಕಲ್ಯಾಣ ಕರ್ನಾಟಕ)

ವಿಶ್ವವಿದ್ಯಾಲಯದ ಅಧ್ಯಾಪಕರನ್ನೂ ಕುಲಪತಿಯನ್ನೂ ಆರಿಸುವವರು ಯಾರು? ವಿಶ್ವವಿದ್ಯಾಲಯವೇ, ಸರ್ಕಾರವೇ, ರಾಜಭವನವೇ, ಯುಜಿಸಿಯೇ? ಕರ್ನಾಟಕದ ಅಧ್ಯಾಪಕ ವರ್ಗವನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆಯಿದು. ಕಲ್ಯಾಣ ಕರ್ನಾಟಕದ ಕುರಿತ ಬರಹಗಳಲ್ಲಿ ಇದರೊಂದಿಗೆ ಇನ್ನೊಂದು ಪ್ರಶ್ನೆ ಕಲಸಿಹೋಗಿದೆ: ಕೆಲಸ ಸ್ಥಳೀಯರಿಗೆ ಸಿಗಬೇಕೋ, ಹೊರಗಿನವರಿಗೂ ಸಿಗಬೇಕೋ? ಒಂದು ತೀರ್ಮಾನಿಸುವವರ ಪ್ರಶ್ನೆ, ಮತ್ತೊಂದು ಅರ್ಹರ ಪ್ರಶ್ನೆ. ಎರಡನ್ನೂ ಬಿಡಿಸಿ ನೋಡದೆ ಈ ಇತಿಹಾಸ ಅರ್ಥವಾಗುವುದಿಲ್ಲ.

ಈ ಭಾಗದ ಮೇಲೆ ಹಿಡಿತವಿದ್ದ ವಿಶ್ವವಿದ್ಯಾಲಯಗಳೇ ಬದಲಾಗುತ್ತ ಬಂದಿವೆ. ಯಾದಗಿರಿ ಮತ್ತು ರಾಯಚೂರಿನ ನಡುವೆ ರೈಲು ಹಾದಿಯಲ್ಲಿರುವ ಸೈದಾಪುರದಂಥ ಊರು ತಾನಿದ್ದಲ್ಲೇ ಇದ್ದು ನಾಲ್ಕು ವಿಶ್ವವಿದ್ಯಾಲಯಗಳ ಸೀಮೆಯನ್ನು ಕಂಡಿದೆ. ನಿಜಾಮರ ಕಾಲದಲ್ಲಿ 1918ರಲ್ಲಿ ಹುಟ್ಟಿದ ಉಸ್ಮಾನಿಯಾ, 1956ರ ಏಕೀಕರಣದ ಬಳಿಕ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯ, ಈಗ ರಾಯಚೂರು ವಿಶ್ವವಿದ್ಯಾಲಯ. ಕೊನೆಯದಕ್ಕೆ ಮಹರ್ಷಿ ವಾಲ್ಮೀಕಿಯ ಹೆಸರಿಡುವುದಾಗಿ ಸರ್ಕಾರ 2024ರಲ್ಲಿ ಪ್ರಕಟಿಸಿತು.

ಅರ್ಹರ ಪ್ರಶ್ನೆಯ ಬೇರು ಈ ಭಾಗ ಸೇರಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದೆ. ಅಲ್ಲಿಯ ಮುಲ್ಕಿ ನಿಯಮಗಳ ಪ್ರಕಾರ ಸರ್ಕಾರಿ ನೌಕರಿಗೆ ಸಂಸ್ಥಾನದವರೇ ಆಗಿರಬೇಕಿತ್ತು, ಇಲ್ಲವೇ ಹದಿನೈದು ವರ್ಷ ಅಲ್ಲಿ ನೆಲೆಸಿರಬೇಕಿತ್ತು. ಅದೇ ಬೇಡಿಕೆ ಮತ್ತೆ ಫಲಿಸಿದ್ದು ಸಂವಿಧಾನದ 371(ಜೆ) ವಿಧಿಯಲ್ಲಿ. ಅದರಡಿ 2013ರಲ್ಲಿ ಹೊರಟ ಆದೇಶ ಈ ಭಾಗದ ‘ಎ’ ಮತ್ತು ‘ಬಿ’ ವೃಂದದ ಹುದ್ದೆಗಳಲ್ಲಿ ಶೇ 75, ‘ಸಿ’ಯಲ್ಲಿ ಶೇ 80, ‘ಡಿ’ಯಲ್ಲಿ ಶೇ 85ರಷ್ಟನ್ನು ಸ್ಥಳೀಯರಿಗೆ ಮೀಸಲಿಟ್ಟಿತು. ಬಹುಕಾಲ ಹಿಂದುಳಿದಿದ್ದ ನಾಡಿಗೆ ಇದು ನ್ಯಾಯವಾಗಿ ಸಲ್ಲಬೇಕಾದದ್ದೇ. ಆದರೆ ಆಯ್ಕೆ ಮಾಡುವವರು ಯಾರು ಎಂಬುದನ್ನು ಈ ವಿಧಿ ಬದಲಿಸಲಿಲ್ಲ.

ತೀರ್ಮಾನಿಸುವವರ ಆ ಪ್ರಶ್ನೆಗೆ ದೇಶವೇ ಉಲ್ಲೇಖಿಸುವ ಉತ್ತರ ಸಿಕ್ಕಿದ್ದು ಮೈಸೂರು ವಿಶ್ವವಿದ್ಯಾಲಯದ ಒಂದು ಪ್ರಕರಣದಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಸಂಶೋಧನಾ ರೀಡರ್ ಹುದ್ದೆಗೆ ಅಣ್ಣಯ್ಯಗೌಡರ ನೇಮಕವಾಗಿತ್ತು. ಇದನ್ನು ಸಿ.ಡಿ. ಗೋವಿಂದರಾವ್ ಪ್ರಶ್ನಿಸಿದರು. ಭಾರತೀಯ ವಿಶ್ವವಿದ್ಯಾಲಯವೊಂದರ ಪ್ರಥಮ ಅಥವಾ ಉನ್ನತ ದ್ವಿತೀಯ ದರ್ಜೆಯ ಎಂ.ಎ., ಇಲ್ಲವೇ ಅದಕ್ಕೆ ಸಮನಾದ ವಿದೇಶಿ ಪದವಿ ಇರಬೇಕೆಂದು ಪ್ರಕಟಣೆ ಕೇಳಿತ್ತು. ಗೌಡರಿಗೆ ಮೈಸೂರು ಎಂ.ಎ.ಯಲ್ಲಿ ಬಂದದ್ದು ಶೇ 50.2; ಜೊತೆಗೆ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಎಂ.ಎ. ಇತ್ತು. ಶೇ 50.2 ‘ಉನ್ನತ’ ಹೇಗಾದೀತು ಎಂದು ಹೈಕೋರ್ಟ್ ನೇಮಕವನ್ನು ರದ್ದುಗೊಳಿಸಿತು. 1963ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. ಡರ್ಹಮ್ ಪದವಿಯ ಬೆಲೆ ಕಟ್ಟುವುದು ವಿಷಯತಜ್ಞರ ಮಂಡಳಿಯ ಕೆಲಸ. ಕಾನೂನು ಮೀರಿದ್ದರೆ ಹೊರತು ನ್ಯಾಯಾಲಯ ಅವರ ಅಭಿಪ್ರಾಯದಲ್ಲಿ ಕೈಹಾಕಲು ಹಿಂಜರಿಯಬೇಕು ಎಂಬುದು ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬರೆದ ತೀರ್ಪಿನ ಸಾರ. ಅಧ್ಯಾಪಕರ ಸ್ವಾಯತ್ತತೆಗೆ ಇಷ್ಟು ಬಲವಾದ ಆಸರೆ ಮತ್ತೆ ಸಿಕ್ಕಿದ್ದು ವಿರಳ.

ಆದರೆ ಈ ತೀರ್ಪು ಕಾಪಾಡಿದ್ದು ಮಂಡಳಿಯ ಮಾತನ್ನು; ಮಂಡಳಿಯಲ್ಲಿ ಯಾರು ಕೂರಬೇಕು ಎಂಬುದನ್ನಲ್ಲ. 1976ರಲ್ಲಿ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಒಂದೇ ಕಾಯ್ದೆ ಬಂತು, 2000ದಲ್ಲಿ ಅದರ ಜಾಗಕ್ಕೆ ಹೊಸದು. ಈ ಹೊಸ ಕಾಯ್ದೆಯ 14ನೇ ಪ್ರಕರಣದಂತೆ ಕುಲಪತಿಯ ಶೋಧನಾ ಸಮಿತಿಗೆ ಕುಲಾಧಿಪತಿ, ಯುಜಿಸಿ, ರಾಜ್ಯ ಸರ್ಕಾರ, ಸಿಂಡಿಕೇಟ್ ತಲಾ ಒಬ್ಬರನ್ನು ಕಳಿಸುತ್ತವೆ. ಸಮಿತಿ ಕೊಟ್ಟ ಹೆಸರುಗಳಲ್ಲಿ ಒಬ್ಬರನ್ನು ಕುಲಾಧಿಪತಿಯಾದ ರಾಜ್ಯಪಾಲರು ನೇಮಿಸಬೇಕು, ಅದೂ ಸರ್ಕಾರದ ಸಹಮತಿಯೊಂದಿಗೆ. ಈ ‘ಸಹಮತಿ’ ಬರಿಯ ಉಪಚಾರವೇ, ಕಡ್ಡಾಯವೇ? ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ನೇಮಕದ ಮೊಕದ್ದಮೆಯಲ್ಲಿ ಇದು ಇತ್ಯರ್ಥವಾಯಿತು. ಸಹಮತಿ ಇಲ್ಲದ ನೇಮಕ ನಿಲ್ಲದು ಎಂಬ ಏಕಸದಸ್ಯ ಪೀಠದ ತೀರ್ಪನ್ನು ಹೈಕೋರ್ಟಿನ ವಿಭಾಗೀಯ ಪೀಠ 2022ರ ಮಾರ್ಚಿನಲ್ಲಿ ಎತ್ತಿಹಿಡಿಯಿತು. ಸರ್ಕಾರ, ರಾಜಭವನಗಳ ನಡುವಿನ ಈ ಜಗ್ಗಾಟದಲ್ಲಿ ಅಧ್ಯಾಪಕರ ದನಿ ಕೇಳಿಸಿದ್ದು ಕಡಿಮೆ.

ಸಣ್ಣ ಊರುಗಳ ಪದವಿ ಕಾಲೇಜುಗಳಲ್ಲಿ ಹಿಡಿತ ಬೇರೆ ದಾರಿಯಲ್ಲಿ ಬರುತ್ತದೆ. ಕಾಯಂ ಹುದ್ದೆಗೆ ಆರ್ಥಿಕ ಇಲಾಖೆಯ ಅನುಮತಿ ಬೇಕು. ಅದು ಬರುವವರೆಗೆ ತರಗತಿ ನಡೆಸುವವರು ಅತಿಥಿ ಉಪನ್ಯಾಸಕರು. 2022ರ ಜನವರಿಯಲ್ಲಿ ಸರ್ಕಾರ ಅವರ ಗೌರವಧನವನ್ನು ಗರಿಷ್ಠ 32,000 ರೂಪಾಯಿಗೆ ಏರಿಸಿತು, ಜೊತೆಗೆ ವಾರದ ಕಾರ್ಯಭಾರವನ್ನು 15 ಗಂಟೆಗೆ ನಿಗದಿ ಮಾಡಿತು. ಅದುವರೆಗೆ ಎಂಟು, ಹತ್ತು ಗಂಟೆ ಹಂಚಿಕೊಂಡಿದ್ದ ಇಬ್ಬರ ಪಾಠ ಒಬ್ಬರ ಪಾಲಾಯಿತು. ಇನ್ನೊಬ್ಬರು ಮನೆಗೆ ಹೋದರು. ಆ ವರ್ಷವೇ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸಿದ ಪರೀಕ್ಷೆಯಲ್ಲಿ ಭೂಗೋಳಶಾಸ್ತ್ರದ ಪ್ರಶ್ನೆಗಳು ಸೋರಿಕೆಯಾದ ಆರೋಪ ಬಂದು ಬಂಧನಗಳಾದವು. ಆಯ್ಕೆಯನ್ನು ಕಾಲೇಜಿನಿಂದ ದೂರ ಒಯ್ದರೆ ತಾನಾಗಿಯೇ ಶುದ್ಧವಾಗುತ್ತದೆಂಬ ನಂಬಿಕೆಗೆ ಇದರಿಂದ ಪೆಟ್ಟು ಬಿತ್ತು. ಕಾಯಂಗೊಳಿಸಬೇಕೆಂದು ಅತಿಥಿ ಉಪನ್ಯಾಸಕರು 2023ರ ನವೆಂಬರಿನಿಂದ ತರಗತಿ ಬಹಿಷ್ಕರಿಸಿ ಧರಣಿ ಕೂತರು.

2025ರ ಜನವರಿ 6ರಂದು ಯುಜಿಸಿಯ ಹೊಸ ಕರಡು ನಿಯಮಗಳು ಬಂದವು. ಕುಲಪತಿ ಶೋಧನಾ ಸಮಿತಿಯನ್ನು ಕುಲಾಧಿಪತಿಯೇ ರಚಿಸುವುದು, ರಾಜ್ಯ ಸರ್ಕಾರಕ್ಕೆ ಅದರಲ್ಲಿ ಜಾಗವಿಲ್ಲದಿರುವುದು, ಗುತ್ತಿಗೆ ಅಧ್ಯಾಪಕರಿಗಿದ್ದ ಶೇ 10ರ ಮಿತಿ ಹೋಗುವುದು ಅವುಗಳ ಮುಖ್ಯಾಂಶಗಳು. ಫೆಬ್ರುವರಿ 5ರಂದು ಕರ್ನಾಟಕದ ಆಹ್ವಾನದ ಮೇರೆಗೆ ಆರು ರಾಜ್ಯಗಳ ಪ್ರತಿನಿಧಿಗಳು ಬೆಂಗಳೂರಿನಲ್ಲಿ ಸೇರಿ, ಕುಲಪತಿ ನೇಮಕದಲ್ಲಿ ರಾಜ್ಯಗಳಿಗೆ ಪಾತ್ರವಿರಬೇಕೆಂದು ನಿರ್ಣಯಿಸಿದರು. ವಿಶ್ವವಿದ್ಯಾಲಯದ ಕಡೆಯಿಂದ 2000ದ ಕಾಯ್ದೆಯ ಸಮಿತಿಯಲ್ಲಿದ್ದದ್ದು ನಾಲ್ವರಲ್ಲಿ ಒಬ್ಬರು, ಯುಜಿಸಿ ಕರಡಿನಲ್ಲಿ ಮೂವರಲ್ಲಿ ಒಬ್ಬರು. ಕರ್ನಾಟಕದಲ್ಲಿ ಆ ಒಬ್ಬರನ್ನು ಕಳಿಸುವ ಸಿಂಡಿಕೇಟಿನಲ್ಲೂ ಸರ್ಕಾರದ ನಾಮನಿರ್ದೇಶಿತ ಸದಸ್ಯರಿದ್ದಾರೆ.