ರಾತ್ರಿ ಕರೆಂಟಿನ ಲೆಕ್ಕ

ಕರ್ಜಗಿ ಸೀಮೆಯ ರೈತರಿಗೆ ಕರೆಂಟಿನ ವೇಳಾಪಟ್ಟಿ ಹೊಸದಲ್ಲ. ತ್ರೀ ಫೇಸ್ ಇದ್ದಾಗಲೇ ಪಂಪ್‌ಸೆಟ್ ಓಡಬೇಕು. ಅದು ನಡುರಾತ್ರಿ ಬಂದರೆ ನಿದ್ದೆಗೆಟ್ಟು, ಹಾವು ಚೇಳಿನ ಭಯದಲ್ಲಿ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಬೇಕು.

2001ರಲ್ಲಿ ಬಂದ ಬೆಂಗಳೂರಿನ ರೇವಾ ಕಾರೂ ರಾತ್ರಿಯ ಗಿರಾಕಿಯೇ. ಮನೆಯ 15 ಆಂಪಿಯರ್ ಸಾಕೆಟ್‌ಗೆ ಸಿಕ್ಕಿಸಿ ಮಲಗಿದರೆ ಬೆಳಗಿಗೆ ಸುಮಾರು 80 ಕಿಲೋಮೀಟರ್ ಓಟಕ್ಕೆ ಸಿದ್ಧ. ಆಗ ಗ್ರಿಡ್‌ಗೆ ರಾತ್ರಿಯೇ ಬಿಡುವಿನ ಹೊತ್ತು (ಮಾಲೀಕನಿಗೆ ನಿದ್ದೆಯ ಹೊತ್ತೂ ಹೌದು).

ಸೌರವಿದ್ಯುತ್ ಈ ಲೆಕ್ಕವನ್ನು ತಿರುವಿಹಾಕಿತು. ಕೇಂದ್ರದ 2023ರ ನಿಯಮ ಬಿಸಿಲಿನ ಹೊತ್ತಿನ ದರವನ್ನು ಕನಿಷ್ಠ ಶೇ. 20ರಷ್ಟು ಇಳಿಸಲು ಹೇಳಿತು. ಕಚೇರಿಯಂಗಳದಲ್ಲಿ ಹಗಲೆಲ್ಲ ನಿಲ್ಲುವ ಕಾರಿಗೆ ಅದು ಹೇಳಿ ಮಾಡಿಸಿದ್ದು. ಕೃಷಿಯನ್ನು ಮಾತ್ರ ನಿಯಮ ಹೊರಗಿಟ್ಟಿತು. ಕರ್ನಾಟಕದಲ್ಲಿ 10 ಅಶ್ವಶಕ್ತಿವರೆಗಿನ ಪಂಪಿಗೆ ಕರೆಂಟು ಪುಕ್ಕಟೆಯೇ. ಹೊತ್ತು ಮಾತ್ರ ಇನ್ನೂ ರೈತನ ಕೈಯಲ್ಲಿಲ್ಲ.